ದ್ರಾಕ್ಷಿ ಕಾಕಾ ತೋರಿಸಿದ ಮಂಗಟ್ಟೆ

ತೆಲಸಂಗದ ದ್ರಾಕ್ಷಿ ಬೆಳೆಗಾರರೊಬ್ಬರನ್ನು ನಾವು ಹುಡುಗರೆಲ್ಲ ಕಾಕಾ ಎನ್ನುತ್ತಿದ್ದೆವು. ಹಣ್ಣಿನ ಕಾಲವಿಡೀ ತೋಟದಲ್ಲಿ ಡಬ್ಬ ಬಡಿದು ಹಕ್ಕಿ ಓಡಿಸುತ್ತಿದ್ದವರು, ದೀಪಾವಳಿ ರಜೆಯಲ್ಲಿ ಟೆಂಪೊ ಮಾಡಿ ನಮ್ಮನ್ನು ಕಾರವಾರದ ಕಡಲಿಗೂ ದಾಂಡೇಲಿಯ ಕಾಡಿಗೂ ಹಕ್ಕಿ ತೋರಿಸಲು ಕರೆದೊಯ್ಯುತ್ತಿದ್ದರು. ಎಂಬತ್ತರ ದಶಕದಲ್ಲಿ ಅದೇ ನಮ್ಮ ದೊಡ್ಡ ಪ್ರವಾಸ. ಕೊರಳಲ್ಲಿ ದುರ್ಬೀನು, ತುಟಿಯ ಮೇಲೆ ಬೆರಳು, ಬಾಯಲ್ಲಿ ಒಂದೇ ಮಾತು: “ಉಸರ ಸಣ್ಣಗ ಬಿಡ್ರಿ.”

ಒಮ್ಮೆ ದಾಂಡೇಲಿಯಲ್ಲಿ ಬೆಳಗಿನಿಂದ ಕಾದ ಮೇಲೆ, ನಾವು ಆಸೆಪಟ್ಟಿದ್ದ ಮಂಗಟ್ಟೆ ಹಕ್ಕಿ ಎದುರಿನ ಅತ್ತಿಮರಕ್ಕೆ ಬಂತು. ದೊಡ್ಡ ಕೊಕ್ಕು ಹಣ್ಣಿಗೆ ತಾಗಿತೋ ಇಲ್ಲವೋ, ಕಾಕಾ “ಹೋ! ಹೋ!” ಎಂದು ಕೂಗಿ ಜೋರಾಗಿ ಚಪ್ಪಾಳೆ ತಟ್ಟಿಬಿಟ್ಟರು. ಹಕ್ಕಿ ಕಣಿವೆ ದಾಟಿತು.

“ಏನ್ ಮಾಡಿದ್ರಿ ಕಾಕಾ!” ಎಂದೆ.

ಎತ್ತಿದ ಕೈ ಇಳಿಸದೆ, ಮರವನ್ನೊಮ್ಮೆ ನೋಡಿ ಅವರೆಂದರು: “ಹಣ್ಣಂತೂ ಉಳದುವಲ್ರಿ!”