ಬಕೆಟ್ಟಿನ ಅಳತೆ

ವಸಂತಮ್ಮನಿಗೆ ರಜ ಬೇಕಾಗಿತ್ತು. ಒಂದೇ ಒಂದು ದಿನ. ಹಬ್ಬಕ್ಕಲ್ಲ, ಮದುವೆಗಲ್ಲ, ಬರೀ ನಿದ್ದೆ ಮಾಡುವುದಕ್ಕೆ.

ಎಪ್ಪತ್ತೈದರ ಬೇಸಿಗೆಯಲ್ಲಿ ಪೀಣ್ಯದ ಸುತ್ತ ಕಾಲರಾ ಹಬ್ಬಿತು. ಕಾರ್ಖಾನೆಗಳ ಹಿಂದೆ ತಗಡಿನ ಶೆಡ್ಡು ಹಾಕಿ ಅದನ್ನೇ ವಾರ್ಡು ಅಂದರು. ಹನ್ನೆರಡು ಮಂಚಕ್ಕೆ ನಲವತ್ತು ರೋಗಿಗಳು, ಇಬ್ಬರು ನರ್ಸುಗಳು. ಮರಿಯಮ್ಮ ಅನ್ನುವವಳು ಒಂಬತ್ತನೇ ದಿನ ಸಿರಿಂಜು ಹಿಡಿದುಕೊಂಡೇ ಅಳುವುದಕ್ಕೆ ಶುರುಮಾಡಿದಳು. ಸಂಜೆಯಾದರೂ ಅಳು ನಿಲ್ಲಲಿಲ್ಲ, ಮನೆಗೆ ಕಳಿಸಿದರು. ಉಳಿದವಳು ವಸಂತಮ್ಮ ಒಬ್ಬಳೇ.

"ಡಾಕ್ಟ್ರೇ, ಒಂದು ದಿನ ರಜ ಕೊಡಿ. ನಿಂತಲ್ಲೇ ನಿದ್ದೆ ಬರ್ತಿದೆ. ಏನಾದ್ರೂ ತಪ್ಪು ಮಾಡ್ಬಿಡ್ತೀನಿ."

"ಎಲ್ಲರಿಗೂ ಸುಸ್ತೇ ಕಣಮ್ಮ. ಒಂದು ಕಾಫಿ ಕುಡಿ," ಅಂದ ಆ ಮಹಾನುಭಾವ. ಕಾಫಿಯಂತೆ!

ಮನೆಯ ಕಥೆ ಇನ್ನೂ ಚೆಂದ. ಅವಳು ಬಾಡಿಗೆಗಿದ್ದದ್ದು ಸೊಣ್ಣಪ್ಪನ ವಠಾರದಲ್ಲಿ. ರಾಗಿ ಹೊಲದ ಅಂಚಿಗೆ ಸಾಲಾಗಿ ಕೋಣೆ ಕಟ್ಟಿಸಿ ಯಜಮಾನನಾಗಿದ್ದ ಬೇಸಾಯದವನು. ಮೂರು ವರ್ಷ ಬಾಯ್ತುಂಬ ಅಕ್ಕ ಅಂದವನು ಕಾಲರಾ ಬಂದ ವಾರಕ್ಕೇ ಅವಳ ಟ್ರಂಕನ್ನು ಬೀದಿಗಿಟ್ಟ. "ನಿನ್ ಸೀರೇಲೇ ರೋಗ ತತ್ತೀಯ. ನಮ್ ಬಾವಿ ತಾವ ಕಾಲಿಕ್ಬ್ಯಾಡ, ಓಗು!" ಅಂದ. ನಾಚಿಕೆಗೆಟ್ಟವನು.

ಅಂದಿನಿಂದ ವಾರ್ಡಿನ ಸಾಮಾನು ಕೋಣೆಯ ಬೆಂಚೇ ಅವಳ ಹಾಸಿಗೆ. ಕಣ್ಣು ಮುಚ್ಚಿದರೆ ಸಲೈನು ತೊಟ್ಟಿಕ್ಕುವುದು ಕೇಳಿಸುತ್ತಿತ್ತು, ಬಾಟಲಿಯೇ ಇಲ್ಲದ ಕಡೆಯೂ. ತುಟಿ ತಾನಾಗಿಯೇ ಹನಿ ಎಣಿಸುತ್ತಿತ್ತು. ಒಂದು ದಿನವಂತೂ, ಇವರೆಲ್ಲ ಸತ್ತಾದರೂ ಹೋಗಲಿ, ನಾನು ಮಲಗುತ್ತೇನೆ ಅಂತ ಮನಸ್ಸಿಗೆ ಬಂದುಬಿಟ್ಟಿತು. ಹೆದರಿ ನಾಲಿಗೆ ಕಚ್ಚಿಕೊಂಡಳು.

ಹತ್ತೊಂಬತ್ತನೇ ದಿನ ಬೆಳಿಗ್ಗೆ ಸೊಣ್ಣಪ್ಪ ತನ್ನ ತಾಯಿ ಚಿಕ್ಕಮುನಿಯಮ್ಮನನ್ನು ಗಾಡಿಯಲ್ಲಿ ಹಾಕಿಕೊಂಡು ಬಂದ. ಜೊತೆಗೆ ಹೆಂಡತಿ ಅಂಜನಮ್ಮ. ಟ್ರಂಕಿನ ಮಾತೇ ಇಲ್ಲ. "ಬಿರ್ರನೆ ನೋಡಮ್ಮ," ಅಂದ, ಜೀತದವಳಿಗೆ ಹೇಳಿದ ಹಾಗೆ. ವಸಂತಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಅವನ ಮುಖಕ್ಕೆ ಉಗಿಯಬೇಕು ಅನ್ನಿಸಿತು. ಉಗಿಯಲಿಲ್ಲ. ಮಾತೂ ಆಡದೆ ಮುದುಕಿಗೆ ಸೂಜಿ ಚುಚ್ಚಿ ಡ್ರಿಪ್ ಹಾಕಿ ಮುಂದಿನ ಮಂಚಕ್ಕೆ ಹೋದಳು.

ಕಾಲರಾ ಮಂಚದ ಕ್ಯಾನ್ವಾಸಿನ ನಡುವೆ ತೂತು, ಕೆಳಗೆ ಬಕೆಟ್. ಬಕೆಟ್ಟಿಗೆ ಎಷ್ಟು ಹೋಯಿತೋ ಅಷ್ಟು ಸಲೈನು ಮೈಗೆ ಹೋಗಬೇಕು. ಅದಕ್ಕೇ ಬಂದವರಿಗೆಲ್ಲ ವಸಂತಮ್ಮ ಮೊದಲು ಹೇಳುತ್ತಿದ್ದದ್ದು ಒಂದೇ ಮಾತು: ಬಕೆಟ್ ಮುಟ್ಟಬೇಡಿ, ನಾನೇ ಅಳೆದು ನಾನೇ ಚೆಲ್ಲುತ್ತೇನೆ. ಆ ಮಾತನ್ನು ಅವತ್ತು ಸಿಟ್ಟಿನಲ್ಲಿ ನುಂಗಿಬಿಟ್ಟಳು.

ಮಧ್ಯಾಹ್ನ ಮೂರಕ್ಕೆ ಬಂದು ನೋಡಿದರೆ ಬಕೆಟ್ಟಿನ ತಳದಲ್ಲಿ ಒಂದು ಲೋಟದಷ್ಟೂ ಇರಲಿಲ್ಲ. ಸದ್ಯ, ಭೇದಿ ನಿಂತಿತು ಅಂದುಕೊಂಡು ಡ್ರಿಪ್ ನಿಧಾನ ಮಾಡಿದಳು. ನಾಲ್ಕೂವರೆಗೂ ಅಷ್ಟೇ ಇತ್ತು. ಮುದುಕಿಯ ಹೊಟ್ಟೆಯ ಚರ್ಮ ಹಿಂಡಿ ನೋಡಿದ್ದರೆ ಗೊತ್ತಾಗುತ್ತಿತ್ತು. ಹಿಂಡಿದ ಚರ್ಮ ಮಡಿಕೆಯಾಗಿ ನಿಂತುಬಿಟ್ಟರೆ ಮೈ ಒಣಗಿದೆ ಅಂತ, ಇಪ್ಪತ್ತು ವರ್ಷದಿಂದ ಗೊತ್ತಿರುವ ಸಂಗತಿ. ಅವಳು ನೋಡಲಿಲ್ಲ. ಐದೂಕಾಲಿಗೆ ಚಿಕ್ಕಮುನಿಯಮ್ಮ ಸತ್ತಳು.

"ಸೇಡು ತೀರಿಸ್ಕಂಡ್ಳು! ಮನೆ ಬುಡ್ಸಿದ್ದಕ್ಕೆ ನಮ್ಮವ್ವನ್ನ ಸಾಯ್ಸವ್ಳೆ!" ಸೊಣ್ಣಪ್ಪನ ಕೂಗಿಗೆ ಪಕ್ಕದ ಕಾರ್ಖಾನೆಯವರೂ ಬಂದು ನಿಂತರು. ವಸಂತಮ್ಮ ಮುದುಕಿಯ ಕೈಯಿಂದ ಸೂಜಿ ತೆಗೆದಳು. ನಿಜವಾಗಿಯೂ ನನಗೆ ಅದೇ ಬೇಕಾಗಿತ್ತಾ? ಸತ್ತಾದರೂ ಹೋಗಲಿ ಅಂದದ್ದು ನಾನೇ ಅಲ್ಲವಾ?

ಅಂಜನಮ್ಮ ಅವಳ ಕೈ ಹಿಡಿದು ಶೆಡ್ಡಿನ ಹಿಂದಕ್ಕೆ ಎಳೆದುಕೊಂಡು ಹೋದಳು. ಅಂಜನಮ್ಮನ ಸೀರೆಯ ಅಂಚು ಒದ್ದೆಯಾಗಿತ್ತು.

"ಅಕ್ಕ, ಅದೇನಾರ ಬಕೀಟಿಂದ ಆಯ್ತಾ? ಅದ ನಾನೇ ಚೆಲ್ಬುಟ್ಟೆ. ಮೂರು ಕಿತ. ನಿಮ್ಗೆ ನಿಂತ್ಕಳಕೂ ಆಯ್ತಿರ್ನಿಲ್ಲ. ಒಂದ್ ಕೆಲ್ಸನಾದ್ರೂ ಕಮ್ಮಿ ಆಗ್ಲಿ ಅಂತ..."

ಹತ್ತೊಂಬತ್ತು ದಿನದಲ್ಲಿ ವಸಂತಮ್ಮನ ಸುಸ್ತು ಕಂಡದ್ದು ಇವಳೊಬ್ಬಳಿಗೆ. ಅವಳನ್ನು ತಬ್ಬಿಕೊಳ್ಳಬೇಕೋ, ಕಪಾಳಕ್ಕೆ ಬಾರಿಸಬೇಕೋ ತಿಳಿಯಲಿಲ್ಲ.

"ಬಾಯ್ಮುಚ್ಕೋ. ಈ ಮಾತು ಸಾಯೋವರೆಗೂ ಯಾರಿಗೂ ಹೇಳ್ಬೇಡ. ನಿನ್ ಗಂಡ ನಿನ್ನ ಜೀವಸಹಿತ ಬಿಡಲ್ಲ."

ಒಳಗೆ ಡಾಕ್ಟರು ಕಾಯುತ್ತಿದ್ದ. "ಡ್ರಿಪ್ ಯಾಕೆ ನಿಧಾನ ಮಾಡ್ದೆ? ಯಾರ ತಪ್ಪಿದು?"

"ನಂದು," ಅಂದಳು ವಸಂತಮ್ಮ. ಹೇಳಬೇಕಾದ ಮಾತು ಹೇಳದೆ ಹೋದವಳು ತಾನೇ.

"ನಾಳೆಯಿಂದ ನೀನು ಬರ್ಬೇಡ. ಮನೆಗೆ ಹೋಗಿ ಮಲ್ಕೋ."

"ಯಾವ ಮನೆಗೆ?" ಅಂದು ಅವಳು ಸೊಣ್ಣಪ್ಪನನ್ನೇ ದಿಟ್ಟಿಸಿದಳು. ಅವನು ತಾಯಿಯ ಹೆಣಕ್ಕೆ ಬಟ್ಟೆ ಹೊದಿಸತೊಡಗಿದ. ಏಪ್ರನ್ನಿನ ಗಂಟು ಬಿಚ್ಚುತ್ತಿದ್ದಾಗ ನಾಲ್ಕನೇ ಮಂಚದವನು ಕೈಯೆತ್ತಿ ನೀರು ಕೇಳಿದ. ವಸಂತಮ್ಮ ಗಂಟನ್ನು ಮತ್ತೆ ಬಿಗಿದಳು.

"ನಾಳೆಯಿಂದ ತಾನೇ ಡಾಕ್ಟ್ರೇ? ಇವತ್ತಿನ್ನೂ ಮುಗಿದಿಲ್ಲ."

ನಾಲ್ಕನೇ ಮಂಚದ ಪಕ್ಕ ಕೂತು, ಬಕೆಟ್ ನೋಡುವ ಮುಂಚೆ ಅವನ ಹೊಟ್ಟೆಯ ಚರ್ಮ ಹಿಂಡಿ ನೋಡಿದಳು.