ಬಸ್ಸಿನ ಬ್ರೇಕು, ಅಪ್ಪನ ‘ಹೌದ್ರಿ’

ನನ್ನನ್ನು ನೋಡಲು ಬಂದವರಲ್ಲಿ ಹಾಡು ಹೇಳಿಸಿದವರಿದ್ದಾರೆ, ಪಡಸಾಲೆಯ ಉದ್ದಕ್ಕೂ ನಡೆಸಿ ನೋಡಿದವರಿದ್ದಾರೆ. ಚಲನೆಯ ನಿಯಮ ಕೇಳಿದವನು ಇವನೊಬ್ಬನೇ.

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಅವನದು ಭೌತಶಾಸ್ತ್ರದ ಟ್ಯೂಷನ್ ಕ್ಲಾಸು. ಹೆಣ್ಣು ನೋಡಲು ಬರುವಾಗಲೂ ಜೇಬಿನಲ್ಲಿ ಮೂರು ಬಣ್ಣದ ಮೂರು ಪೆನ್ನು ಸಿಕ್ಕಿಸಿಕೊಂಡಿದ್ದ. ಜೊತೆಗೆ ಅವನ ತಾಯಿ. ಇಳಕಲ್ಲಿನ ನಮ್ಮ ಮನೆಗೆ ಬರುವ ದಾರಿಯಲ್ಲಿ ಅಮೀನಗಡದಲ್ಲಿ ಕಾರು ನಿಲ್ಲಿಸಿ ಕರದಂಟು ಮಿಠಾಯಿಯ ಡಬ್ಬಿ ತಂದಿದ್ದರು. ಆ ಡಬ್ಬಿ ನೋಡಿಯೇ ಅವ್ವ ಲಗ್ನ ಅರ್ಧ ಕೂಡಿಬಂತೆಂದು ತಿಳಿದಳು. ಕರದಂಟಿಗೆ ಇಷ್ಟು ಶಕ್ತಿ ಇದೆಯೆಂದು ಅದನ್ನು ಮಾಡಿದವರಿಗೂ ಗೊತ್ತಿರಲಿಕ್ಕಿಲ್ಲ.

ನಾನು ಹುನಗುಂದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಆಗಲೇ ಮೂವತ್ತು ದಾಟಿತ್ತು. ಇದೂ ತಪ್ಪಿದರೆ ಇನ್ನು ಯಾರೂ ಬರುವುದಿಲ್ಲ ಎಂಬ ಹೆದರಿಕೆ ಮನೆಯವರೆಲ್ಲರಿಗಿತ್ತು. ಸುಳ್ಳೇಕೆ, ನನಗೂ ಇತ್ತು. ಅದಕ್ಕೇ ಹೇಳಿದ ಸೀರೆ ಉಟ್ಟು, ಹೇಳಿದ ಕಡೆ ಕುಳಿತಿದ್ದೆ.

ಅವಲಕ್ಕಿ ತಿಂದು ಕೈ ಒರೆಸಿಕೊಂಡು ಅವನು ಪರೀಕ್ಷೆ ಶುರು ಮಾಡಿದ.

“ಸೈನ್ಸ್ ಟೀಚರ್ ಅದೀರಂತ. ಬಸ್ಸಿಗೆ ಒಮ್ಮೆಲೆ ಬ್ರೇಕ್ ಹಾಕಿದ್ರ ನಿಂತವ್ರು ಮುಂದ ಯಾಕ ಬೀಳ್ತಾರ, ಹೇಳ್ರಿ ನೋಡೋಣು.”

ದಿನಾ ಹುನಗುಂದದ ಬಸ್ಸಿನಲ್ಲಿ ನಿಂತೇ ಹೋಗುವವಳನ್ನು ಇದು ಕೇಳಬೇಕೇ? “ಕಾಲು ಬಸ್ಸಿನ ಜೊತಿ ನಿಲ್ತಾವ್ರಿ. ಮೈ ಮೊದಲಿನ ವೇಗದಾಗ ಮುಂದ ಹೊಂಟಿರ್ತದ” ಎಂದೆ.

ಅವನು ಕರುಣೆಯಿಂದ ನಕ್ಕ. ಆ ನಗೆ ನೆನಪಾದರೆ ಇಂದಿಗೂ ಮೈ ಉರಿಯುತ್ತದೆ. “ತಪ್ರಿ. ಬ್ರೇಕ್ ಬಸ್ಸನ್ನ ಹಿಂದ ಜಗ್ತದ. ಅದರ ಪ್ರತಿಕ್ರಿಯಾ ನಮ್ಮನ್ನ ಮುಂದ ದೂಕ್ತದ. ಮೂರನೇ ನಿಯಮ. ನಮ್ಮ ಕ್ಲಾಸಿನಾಗ ಹಿಂಗ ಬರೆಸ್ತೇವಿ.”

ಬರೆಸುತ್ತಾನಂತೆ! ಬ್ರೇಕು ಹಿಡಿದಾಗ ಗಾಲಿಯನ್ನು ರಸ್ತೆ ಹಿಂದಕ್ಕೆ ತಳ್ಳುತ್ತದೆ, ಅದರ ಪ್ರತಿಕ್ರಿಯೆ ರಸ್ತೆಯ ಮೇಲೆ. ಒಳಗೆ ನಿಂತವನನ್ನು ಯಾವ ಬಲವೂ ಮುಂದಕ್ಕೆ ದೂಕುವುದಿಲ್ಲ. ಇಷ್ಟು ತಿಳಿಯದವನ ಮುಂದೆ ಮಕ್ಕಳು ಬೆಳಿಗ್ಗೆ ಎದ್ದು ಸಾಲಾಗಿ ಕೂರುತ್ತವೆ. ಅವ್ವ ಬಾಗಿಲ ಮರೆಯಿಂದ ‘ಹೂಂ ಅನ್ನು’ ಎಂದು ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದಳು. ನಾನು ಅಪ್ಪನ ಕಡೆ ನೋಡಿದೆ.

ಅಪ್ಪ ನಿವೃತ್ತ ವಿಜ್ಞಾನ ಮಾಸ್ತರ. ನಾನು ಹೈಸ್ಕೂಲಿನಲ್ಲಿದ್ದಾಗ ಬಸ್ಸಿನಲ್ಲಿ ಕಂಬ ಹಿಡಿಯಗೊಡದೆ ನಿಲ್ಲಿಸಿ, ನಾನು ಮುಗ್ಗರಿಸಿದಾಗ ರಟ್ಟೆ ಹಿಡಿದು, “ಯಾರರ ದೂಕಿದ್ರೇನು? ಇಲ್ಲಲ್ಲ?” ಎಂದು ಈ ಪಾಠ ಕಲಿಸಿದವನು ಅವನೇ. ವರನೂ ಅವನನ್ನೇ ಕೇಳಿದ:

“ಖರೆ ಹೌದಲ್ರಿ, ಮಾಸ್ತರ್ರ?”

ಅಪ್ಪ ಚಹಾದ ಕಪ್ಪು ನೋಡುತ್ತ, “ಹೌದ್ರಿ” ಎಂದ.

ವರನ ಮೂರ್ಖತನ ನನಗೆ ಬರೀ ನಗೆಪಾಟಲು. ಅಪ್ಪನ ಆ ಒಂದು ಮಾತು ಮಾತ್ರ ಎದೆಗೆ ಬಡಿಯಿತು. ನಾನು ಎದ್ದು ನಿಂತೆ. “ಅಲ್ರಿ. ನಮ್ಮಪ್ಪ ಹೇಳಿದ್ದೂ ತಪ್ಪು, ನೀವು ಹೇಳಿದ್ದೂ ತಪ್ಪು. ಮಕ್ಕಳಿಗೆ ಹಂಗ ಬರೆಸಬ್ಯಾಡ್ರಿ.”

ವರ ಮೂರು ಪೆನ್ನುಗಳನ್ನೂ ಮುಟ್ಟಿ ನೋಡಿಕೊಂಡ. ಅವನ ತಾಯಿ ಸೆರಗು ಸರಿಮಾಡಿಕೊಂಡು ಎದ್ದರು. “ಹುಡುಗಿ ಶಾಣ್ಯಾ ಅದಾಳ. ನಮ್ಮ ಮನಿಗೆ ಇಷ್ಟು ಶಾಣ್ಯಾತನ ಬ್ಯಾಡ್ರಿ” ಎಂದರು. ಕಾರು ಹೋಯಿತು. ಅವ್ವ ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು.

ಅಪ್ಪ ಚಹಾದ ಕಪ್ಪು ಕೆಳಗಿಟ್ಟ. ಆಮೇಲೆ ಮೆಲ್ಲಗೆ ನನಗೆ ಹೇಳಿದ:

“ನಿನಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆ ಹೊತ್ತಿಗೆ ಹೌದ್ರಿ ಅಂದು, ಲಗ್ನ ಮುಗಿಸಿ ಅವರು ಹೋದ ಮ್ಯಾಲೆ ನಾವಿಬ್ರೂ ಕೂಡಿ ನಗಬಹುದಿತ್ತಲ್ಲವ್ವ.”

“ಅವರ ಜೊತಿ ನಾನೂ ಹೋಗಿರ್ತಿದ್ನಲ್ಲಪ್ಪಾ” ಎಂದೆ. “ಯಾರ ಜೊತಿ ನಗ್ತಿದ್ದಿ?”