ಕೌದಿ ಹೊದ್ದ ಕಂಪ್ಯೂಟರ್

ಶಹಾಬಾದಿನಲ್ಲಿ ಲಗ್ನಪತ್ರಿಕೆ, ಬ್ಯಾನರುಗಳನ್ನು ವಿನ್ಯಾಸ ಮಾಡಿಕೊಡುವ ಅನಸುಬಾಯಿಯವರು ಸನ್ನತಿಯಲ್ಲಿ 1974ನೆಯ ಇಸವಿ ಜುಲೈ 9ರಂದು ಜನಿಸಿದರು. ಅಂಗಡಿ ತೆರೆದದ್ದು 2011ರ ಜೂನ್ 6, ಸೋಮವಾರ. ಮಂಗಳವಾರವೆನ್ನುವವರ ಮಾತು ತಪ್ಪು.

ಪಕ್ಕದಲ್ಲಿಯೇ ಅಬ್ದುಲ್ ಗನಿಯವರ, ನೆಲಕ್ಕೆ ಹಾಸುವ ಪರ್ಸಿಕಲ್ಲಿನ ಪಾಲಿಶ್ ಯಂತ್ರ. ಅದು ತಿರುಗಿದರೆ ಕಲ್ಲಿನ ಪುಡಿ ಚಹದ ಕಪ್ಪನ್ನೂ ಬಿಡದು. 2023ರ ಅಕ್ಟೋಬರಿನಲ್ಲಿ ಕಂಪ್ಯೂಟರಿನ ಹಳೆಯ ಹಾರ್ಡ್ ಡಿಸ್ಕ್ ತೆಗೆಸಿ ಹೊಸ ಎಸ್‌ಎಸ್‌ಡಿ ಹಾಕಿಸಿದ ಬಾಯಿಯವರು, ಅದಕ್ಕೆ ಧೂಳು ತಗಲಬಾರದೆಂದು ಹಳೆಯ ಇಳಕಲ್ ಸೀರೆಗಳ ದಪ್ಪ ಕೌದಿ ಹೊಲಿದು, ಸಿಪಿಯು ಪೆಟ್ಟಿಗೆಯ ಹಿಂದುಮುಂದು ಕಾಣದಂತೆ ತೊಡಿಸಿದರು.

"ಬಾಯಿ, ನಮಗ ಥಂಡ್ಯಾಗೂ ಒಂದು ಕೌದಿ ಕೊಡಲಿಲ್ಲ. ಆ ಡಬ್ಬಿ ನಸೀಬ ನೋಡ್ರಿ!" ಎಂದರು ಗನಿಯವರು.

"ನಿಮ್ಮ ಮಶೀನ್ ಬಂದ್ ಮಾಡ್ರಿ ಗನಿಸಾಬ್, ಇದನ್ನ ನಿಮಗೇ ಹೊಚ್ಚತೀನಿ."

ಅಕ್ಟೋಬರ್ 12, ಗುರುವಾರ, ಕಂಪ್ಯೂಟರ್ ಚಾಲೂ ಮಾಡಿದ ತುಸು ಹೊತ್ತಿಗೇ ಆರಿಹೋಗತೊಡಗಿತು. ನಡುವೆ ಪರದೆಯ ಮೇಲೊಂದು ಕೆಂಪು ಕಿಟಕಿ ಮೂಡಿತು: "ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ." ಬಾಯಿಯವರು ಕರೆ ಮಾಡಿದರು. ಆ ಕಡೆಯವನು ಒಂದು ಆ್ಯಪ್ ಹಾಕಿಸಿದ. ಮೌಸಿನ ಬಾಣ ತಾನಾಗಿಯೇ ಓಡಾಡಿತು.

"ಕಂಪ್ಯೂಟರ್ ಆಫ್ ಮಾಡ್ತಿರೋದು ಈ ವೈರಸ್ಸೇ ಮೇಡಂ. ಬ್ಯಾಂಕ್ ಖಾತೆ ಓಪನ್ ಮಾಡಿ, ಅಲ್ಲೂ ಇದೆಯಾ ನೋಡ್ತೀನಿ."

ಸ್ವಂತದ್ದೊಂದು ಬ್ಯಾನರ್ ಮುದ್ರಣಯಂತ್ರಕ್ಕಾಗಿ ಬಾಯಿಯವರು ವರ್ಷಗಟ್ಟಲೆ ಕೂಡಿಸಿದ್ದೆಲ್ಲ ಆ ಖಾತೆಯಲ್ಲಿತ್ತು. ಆತ ಕಳ್ಳನೆಂಬುದು ಬಾಯಿಯವರಿಗೆ ತಿಳಿಯದು. ಪೆಟ್ಟಿಗೆ ಕೌದಿಯೊಳಗೆ ಬೇಯುತ್ತಿದೆಯೆಂಬುದು ಇಬ್ಬರಿಗೂ ತಿಳಿಯದು. ಬ್ಯಾಂಕಿನ ಪುಟ ತೆರೆಯಿತು. ಕಂಪ್ಯೂಟರ್ ಆರಿತು.

ಮತ್ತೆ ಹಚ್ಚಿದರು. ಹೆಸರು ಬರೆದು ಪಾಸ್‌ವರ್ಡಿಗೆ ಕೈಯಿಟ್ಟರು. ಆರಿತು.

"ಅಯ್ಯೋ ಮೇಡಂ!" ಕಳ್ಳನ ದನಿ ಅಳುವಂತಾಯಿತು. "ಪೆಟ್ಟಿಗೆ ಮುಟ್ಟಿ ನೋಡಿ, ಬಿಸಿಯಿದೆಯಾ?"

"ಹೆಂಗ ಮುಟ್ಟಲಿ? ಕೌದಿ ಹೊಚ್ಚೀನಲ್ಲ."

"ಕಂಪ್ಯೂಟರಿಗೆ ಕೌದಿಯೇ? ಫ್ಯಾನಿಗೆ ಗಾಳಿ ಬೇಡವೇ? ಮೊದಲು ಅದನ್ನ ಕಿತ್ತು ಹಾಕಿ!"

ಬಾಯಿಯವರು ಕೌದಿ ತೆಗೆದರು. ಸ್ವಿಚ್ ಆರಿಸಿ, ಜಾಲರಿಯನ್ನು ಬ್ರಶ್ಶಿನಿಂದ ಒರೆಸಿದರು. ಪೆಟ್ಟಿಗೆ ತಣ್ಣಗಾದ ಮೇಲೆ ಹಚ್ಚಿದರೆ ಫ್ಯಾನು ಹಾಯಾಗಿ ತಿರುಗಿತು, ಪರದೆ ಕದಲಲಿಲ್ಲ. ಕಳ್ಳನಿಗೆ ಹೋದ ಜೀವ ಬಂದಿತು.

"ಈಗ ಪಾಸ್‌ವರ್ಡ್ ಹಾಕಿ, ಒಟಿಪಿ ಹೇಳಿ ಮೇಡಂ!"

ಬಾಯಿಯವರ ಬೆರಳು ಕೀಲಿಯ ಮೇಲೆಯೇ ನಿಂತಿತು.

"ಏ ತಮ್ಮಾ, ವೈರಸ್ ಬಂದ್ ಮಾಡಾಕತ್ತದ ಅಂದಿ. ಕೌದಿ ತೆಗದ್ರ ಕಂಪ್ಯೂಟರ್ ಛಲೋ ನಡ್ಯಾಕತ್ತದ. ಹಂಗಾದ್ರ ನಿನ್ನ ವೈರಸ್ ಎಲ್ಲಿ ಹೋತು?"

ಬಾಯಿಯವರು ಇಂಟರ್ನೆಟ್ಟಿನ ವಾಯರನ್ನು ಕಿತ್ತೆಸೆದರು.

"ರಿಪೇರಿ ಭಾಳ ಛಲೋ ಮಾಡಿದಿ. ಶಹಾಬಾದಿಗೆ ಬಾ, ಚಾ ಕುಡಸ್ತೀನಿ. ಪೊಲೀಸರನ್ನೂ ಕರದಿರ್ತೀನಿ!"

ಕರೆ ಕಡಿದುಹೋಯಿತು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಗನಿಯವರು ನಗುತ್ತ ಪರ್ಸಿಯ ಮೇಲೆಯೇ ಕುಳಿತುಬಿಟ್ಟರು. ಅಂದೇ ಬಾಯಿಯವರು ಆ್ಯಪ್ ತೆಗೆಸಿ, ಬ್ಯಾಂಕಿಗೆ ತಿಳಿಸಿ, ಪಾಸ್‌ವರ್ಡುಗಳನ್ನೆಲ್ಲ ಬದಲಿಸಿದರು. 2024ರ ಜನವರಿ 22, ಸೋಮವಾರ, ಅಂಗಡಿಗೆ ಮುದ್ರಣಯಂತ್ರ ಬಂದಿತು. ಅದರ ಮೊದಲ ಬ್ಯಾನರಿನಲ್ಲಿ ದೊಡ್ಡಕ್ಷರಗಳಲ್ಲಿದ್ದದ್ದು: "ಒಟಿಪಿ ಯಾರಿಗೂ ಹೇಳಬ್ಯಾಡ್ರಿ."

ಆ ಚಳಿಗಾಲದಲ್ಲಿ ಕೌದಿಯನ್ನು ಗನಿಯವರೇ ಹೊದ್ದರು.